ನಮ್ಮ ವಾರ್ಡಿಗೆ ಹಸಿ ಕಸದ ಘಟಕ ಬರುತ್ತಿದೆಯಂತೆ. ಬೇಕಾ, ಬೇಡವಾ?

ಮೂರನೇ ಕ್ರಾಸ್:
ಬೆಂಗಳೂರಿನ ದಕ್ಷಿಣದ ಕಡೆ ನಮ್ಮ ಬಡಾವಣೆ. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಮೀಟಿಂಗ್ ಕರೆದಿದ್ದರು. ಪಂಪ್ ಹೌಸ್ ಹಿಂದಿನ ಖಾಲಿ ಜಾಗದಲ್ಲಿ ಹಸಿ ಕಸದಿಂದ ಗೊಬ್ಬರ ಮಾಡುವ ಘಟಕ ಹಾಕುತ್ತಾರಂತೆ, ದಿನಕ್ಕೆ ಎರಡು ಟನ್. ಶೆಡ್ಡು, ಕಸ ಕತ್ತರಿಸುವ ಮಷೀನು, ಸಿಮೆಂಟ್ ತೊಟ್ಟಿ, ಕಾಂಪೌಂಡು, ಕಾಂಪೌಂಡಿಗೆ ಬಣ್ಣ, ಬಣ್ಣದ ಮೇಲೆ ಗಿಡದ ಚಿತ್ರ. ಎಂಜಿನಿಯರ್ ಎಲ್ಲ ಚೆನ್ನಾಗಿಯೇ ಹೇಳಿದರು. ನಲವತ್ತು ಜನ ಸೇರಿದ್ದೆವು, ಮೂವತ್ತಕ್ಕಿಂತ ಜಾಸ್ತಿ ಜನ ಬೇಡ ಅಂತ ಕೈ ಎತ್ತಿದರು. ನಾನೂ ಎತ್ತಿದೆ.

ಕಾರಣ ಇದೆ. ಪಕ್ಕದ ಬಡಾವಣೆಯಲ್ಲಿ ಏಳೆಂಟು ವರ್ಷದ ಹಿಂದೆ ಹಸಿ ಕಸದಿಂದ ಗ್ಯಾಸ್ ಮಾಡುವ ಘಟಕ ಕಟ್ಟಿದರು. ಅದರಿಂದ ಬೀದಿ ದೀಪ ಉರಿಯುತ್ತದೆ ಅಂದಿದ್ದರು. ಒಂದು ಮಳೆಗಾಲ ನಡೆಯಿತು. ಆಮೇಲೆ ಮೋಟಾರ್ ಸುಟ್ಟಿತು ಅಂದರು, ಆಮೇಲೆ ಟೆಂಡರ್ ಮುಗಿಯಿತು ಅಂದರು, ಆಮೇಲೆ ಯಾರೂ ಏನೂ ಅನ್ನಲಿಲ್ಲ. ಈಗ ಗ್ಯಾಸ್ ಬಲೂನು ಮುದುಡಿ ಬಿದ್ದಿದೆ. ಟ್ಯಾಂಕಿನ ಬಿರುಕಿನಲ್ಲಿ ಅರಳಿ ಗಿಡ ನನ್ನೆತ್ತರ ಬೆಳೆದಿದೆ. ಉದ್ಘಾಟನೆಯ ಕಲ್ಲು ಮಾತ್ರ ಇವತ್ತಿಗೂ ಫಳಫಳ ಹೊಳೆಯುತ್ತದೆ, ಗ್ರಾನೈಟ್ ಅಲ್ವಾ.

ಹಾಗಾಗಿ ಕೇಳುತ್ತಿದ್ದೇನೆ. ಇಂಥದ್ದಕ್ಕೆ ನಮ್ಮ ತೆರಿಗೆ ದುಡ್ಡು ಹಾಕುವುದು ದಂಡವಾ? ಕಸದ ಲಾರಿ ಹೇಗಿದ್ದರೂ ಬರುತ್ತದೆ, ತಗೊಂಡು ಹೋಗುತ್ತದೆ. ಗೊತ್ತಿರುವವರು ಹೇಳಿ. ರಾಜಕೀಯ ಬೇಡ.

ಬೆಂಡೆಕಾಯಿ ಗೊಜ್ಜು:
ಬೇಡ. ವಾಸನೆ. ಮುಗೀತು.

ಲೆಕ್ಕದ ಪುಸ್ತಕ:
ನಾನು ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತನಾದವನು, ಕಸದ ತಜ್ಞ ಅಲ್ಲ. ಆದರೆ "ಲಾರಿ ಹೇಗಿದ್ದರೂ ಬರುತ್ತದೆ" ಅಂದಿರಲ್ಲ, ಅಲ್ಲೇ ಇರುವುದು ವಿಷಯ.

ನಿಮ್ಮ ಮನೆಯ ಹಸಿ ಕಸದ ಡಬ್ಬ ಒಮ್ಮೆ ಎತ್ತಿ ನೋಡಿ. ಸೋರೆಕಾಯಿ ಸಿಪ್ಪೆ, ಕಲ್ಲಂಗಡಿ ಸಿಪ್ಪೆ, ನೆನೆದ ಕಾಫಿ ಪುಡಿ, ಹಳಸಿದ ಸಾರು. ಅದರಲ್ಲಿ ಮುಕ್ಕಾಲು ಭಾಗ ನೀರು. ಈ ನೀರನ್ನು ಮೊದಲು ಆಟೋ ಟಿಪ್ಪರ್ ಹೊರುತ್ತದೆ, ಆಮೇಲೆ ಕಸ ಒತ್ತಿ ತುಂಬುವ ಕಾಂಪ್ಯಾಕ್ಟರ್ ಲಾರಿ ಹೊರುತ್ತದೆ, ಊರಾಚೆ ಕಸ ಸುರಿಯುವ ಕಲ್ಲು ಕ್ವಾರಿಯ ತನಕ ಡೀಸೆಲ್ ಸುಟ್ಟುಕೊಂಡು ಹೋಗುತ್ತದೆ. ಬೆಂಗಳೂರಿನಲ್ಲಿ ದಿನಕ್ಕೆ ನಾಲ್ಕೈದು ಸಾವಿರ ಟನ್ ಕಸ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸ. ಅಂದರೆ ನಾವು ದಿನಾ ಸಾವಿರಾರು ಟನ್ ನೀರು ಸಾಗಿಸುತ್ತಿದ್ದೇವೆ, ಅದೂ ಕಾವೇರಿ ನೀರನ್ನು ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆ ಪಂಪ್ ಮಾಡಿ ತರುವ ಊರಿನಲ್ಲಿ. ನಗು ಬರಲ್ವಾ?

ಅಲ್ಲಿಗೆ ಹೋದ ಮೇಲೂ ಖರ್ಚು ನಿಲ್ಲುವುದಿಲ್ಲ. ಗುಡ್ಡೆಯ ಒಳಗೆ ಗಾಳಿ ಆಡದೆ ಅನ್ನ, ತರಕಾರಿ ಕೊಳೆತರೆ ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಬಿಸಿ ಹಿಡಿಯುತ್ತದೆ. ಕೆಳಗಿನಿಂದ ಲೀಚೇಟ್, ಅಂದರೆ ಕಸದ ಕಪ್ಪು ನೀರು, ಸೋರಿ ಬೋರ್‌ವೆಲ್ ಸೇರುತ್ತದೆ. ಆಮೇಲೆ ಆ ಗುಡ್ಡೆ ತೆಗೆಯಲು ಇನ್ನೊಂದು ಟೆಂಡರ್. ಒಂದೇ ಕಸಕ್ಕೆ ಮೂರು ಸಲ ದುಡ್ಡು.

ಈಗ ನಿಮ್ಮ ಎರಡು ಟನ್ ಘಟಕ. ಮನೆಗೆ ಅರ್ಧ ಕೆಜಿ ಹಸಿ ಕಸ ಅಂತ ಹಿಡಿಯಿರಿ, ನಾಲ್ಕು ಸಾವಿರ ಮನೆ. ನಾಲ್ಕು ಜನ ಕೆಲಸಗಾರರು, ತಲಾ 20 ಸಾವಿರ, ಅದು 80 ಸಾವಿರ. ಕರೆಂಟು, ರಿಪೇರಿ, ತೆಂಗಿನ ನಾರಿನ ಪುಡಿ, ಎಲ್ಲ ಸೇರಿ 40 ಸಾವಿರ ಅನ್ನಿ. ತಿಂಗಳಿಗೆ 1 ಲಕ್ಷ 20 ಸಾವಿರ. ಮನೆಗೆ 30 ರೂಪಾಯಿ. ಇದು ನನ್ನ ಅಂದಾಜು, ಹೆಚ್ಚು ಕಮ್ಮಿ ಆಗಬಹುದು, ತಿದ್ದಿ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆಗೆ ಕಸದ ಶುಲ್ಕ ಕಟ್ಟುತ್ತಿದ್ದೇವಲ್ಲ? ಸಾವಿರದಿಂದ ಎರಡು ಸಾವಿರ ಚದರಡಿ ಮನೆಗೆ ತಿಂಗಳಿಗೆ 100 ರೂಪಾಯಿ. ಅದರಲ್ಲಿ 30 ನಿಮ್ಮ ವಾರ್ಡಿನೊಳಗೇ ಉಳಿದರೆ ಘಟಕ ನಡೆಯುತ್ತದೆ.

ಆ ಅರಳಿ ಗಿಡ ಬೆಳೆದದ್ದು ಯಾಕೆ ಅಂದರೆ, ಕಟ್ಟಲು ದುಡ್ಡು ಇತ್ತು, ನಡೆಸಲು ಇರಲಿಲ್ಲ. ನನ್ನ ಸರ್ವಿಸ್ ಪೂರ್ತಿ ಇದೇ ನೋಡಿದ್ದು. ಕಟ್ಟಡದ ಫೈಲಿಗೆ ಸಹಿ ಬೇಗ ಬೀಳುತ್ತದೆ. ಮೋಟಾರಿನ ಬೇರಿಂಗ್ ಬದಲಿಸುವ ಫೈಲು ಟೇಬಲ್ಲಿನಿಂದ ಟೇಬಲ್ಲಿಗೆ ಅಲೆಯುತ್ತದೆ.

ಬೆಂಡೆಕಾಯಿ ಗೊಜ್ಜು:
ಲೆಕ್ಕ ಚೆನ್ನಾಗಿದೆ ಸರ್. ಆದರೆ ಶೆಡ್ಡು ನಿಮ್ಮ ಮನೆ ಹಿಂದೆ ಅಲ್ಲವಲ್ಲ. ನಮ್ಮ ಅಡುಗೆಮನೆ ಕಿಟಕಿ ತೆರೆದರೆ ಪಂಪ್ ಹೌಸ್. ಎಚ್‌ಎಸ್‌ಆರ್ ಕಡೆ 1975ರಲ್ಲಿ ಶುರುವಾದ ಸರ್ಕಾರಿ ಗೊಬ್ಬರದ ಕಾರ್ಖಾನೆಯ ವಾಸನೆಗೆ ಸುತ್ತಮುತ್ತಲಿನ ಜನ ಎಷ್ಟು ಸಲ ಬೀದಿಗಿಳಿದರು ಗೊತ್ತಲ್ವಾ. ಅವರೇನು ಕೆಲಸ ಇಲ್ಲದವರಾ?

ಕ್ವಾರಿ ಪಕ್ಕದ ಊರವ:
ಮೇಡಂ, ಕೋಪ ಮಾಡಿಕೊಳ್ಳಬೇಡಿ. ವಾಸನೆ ಅಂದಿರಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಉತ್ತರಕ್ಕೆ ಒಂದು ಹಳ್ಳಿ, ಹೆಸರು ಬೇಡ. ನಿಮ್ಮ ಲಾರಿ ನಮ್ಮೂರ ಮೇಲೆ ಹೋಗುತ್ತದೆ. ಸಾಲಾಗಿ. ತಿರುವಿನಲ್ಲಿ ಬ್ರೇಕ್ ಹಾಕಿದರೆ ಹಿಂದಿನಿಂದ ಕಪ್ಪು ನೀರು ರಸ್ತೆಗೆ ಸುರಿಯುತ್ತದೆ, ಬೈಕಿನವರು ಜಾರಿ ಬೀಳುತ್ತಾರೆ. ನಮ್ಮಕ್ಕನ ಮದುವೆ ಊಟ ಮನೆ ಮುಂದೆ ಶಾಮಿಯಾನ ಹಾಕಿ ಮಾಡಿದ್ದೆವು. ಎಲೆಗೆ ಪಾಯಸ ಬಡಿಸಿದ ತಕ್ಷಣ ನೊಣ ಕೂತು ಕಪ್ಪಾಗುತ್ತಿತ್ತು. ಗಂಡಿನ ಕಡೆಯವರು ಒಂದು ಕೈಯಲ್ಲಿ ಟವೆಲ್ ಬೀಸುತ್ತಾ ಇನ್ನೊಂದು ಕೈಯಲ್ಲಿ ಉಂಡರು. ನಮ್ಮಪ್ಪ ಕೈಮುಗಿದುಕೊಂಡು ಪಂಕ್ತಿಯಿಂದ ಪಂಕ್ತಿಗೆ ಓಡಾಡುತ್ತಿದ್ದರು, ತಪ್ಪು ಅವರದೇ ಅನ್ನುವ ಹಾಗೆ. ಅದಾದ ಮೇಲೆ ಊರಿನವರು ಮದುವೆಗೆಲ್ಲ ದೂರದ ಛತ್ರ ನೋಡುತ್ತಾರೆ, ಸಾಲ ಮಾಡಿಯಾದರೂ.

ಮಾವಳ್ಳಿಪುರದವರು ಗಲಾಟೆ ಮಾಡಿದರು, 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಕಸ ಮಂಡೂರಿಗೆ ಹೋಯಿತು. ಮಂಡೂರಿನವರು ರಸ್ತೆಗೆ ಕೂತರು, 2014ರ ಕೊನೆಗೆ ಅಲ್ಲೂ ನಿಂತಿತು. ನಿಂತ ಕಸ ಎಲ್ಲಿಗೆ ಹೋಯಿತು ಅಂದುಕೊಂಡಿರಿ? ಇನ್ನೊಂದು ಹಳ್ಳಿಗೆ. ನಿಮ್ಮ ಕಿಟಕಿಗೆ ಎರಡು ಟನ್ ಜಾಸ್ತಿ ಅನ್ನಿಸುತ್ತದೆ. ನಮಗೆ ಸಾವಿರ ಟನ್.

ಬೆಂಡೆಕಾಯಿ ಗೊಜ್ಜು:
...ಇದಕ್ಕೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಆದರೂ ವಾಸನೆ ಬರಲ್ಲ ಅಂತ ಯಾರಾದರೂ ಬರೆದುಕೊಡಲಿ.

ಸಿ ಬ್ಲಾಕ್ ಕಾರ್ಯದರ್ಶಿ:
ಬರೆದುಕೊಡಕ್ಕೆ ಆಗಲ್ಲ, ಯಾಕೆ ಬರುತ್ತದೆ ಅಂತ ಹೇಳಬಲ್ಲೆ. ನಮ್ಮದು 64 ಮನೆಗಳ ಅಪಾರ್ಟ್‌ಮೆಂಟ್. 2016ರ ಘನತ್ಯಾಜ್ಯ ನಿಯಮದಲ್ಲಿ ದಿನಕ್ಕೆ 100 ಕೆಜಿ ದಾಟಿದರೆ ಬಲ್ಕ್ ಜನರೇಟರ್, ಅಂದರೆ ಭಾರಿ ಕಸ ಮಾಡುವವರು ಅಂತ ಇತ್ತು, ನಾವು ಅದಕ್ಕಿಂತ ಕೆಳಗೇ ಇದ್ದೆವು. ಆದರೂ ಹಟಕ್ಕೆ ಬಿದ್ದು ನಾವೇ ಗೊಬ್ಬರ ಮಾಡಲು ಶುರು ಮಾಡಿದೆವು.

ಮೊದಲ ತಿಂಗಳು ನರಕ. ತೊಟ್ಟಿ ತುಂಬಾ ಹುಳ, ಬರೀ ಹುಳ, ಗೋಡೆ ಹತ್ತಿ ಮೊದಲ ಮಹಡಿ ಮೆಟ್ಟಿಲಿಗೆ ಬಂದವು. ಮೊದಲ ಮಹಡಿಯ ಅಜ್ಜಿ ನನ್ನ ಹೆಸರು ಹಿಡಿದು ಬೈದರು. ಆಮೇಲೆ ಎಚ್‌ಎಸ್‌ಆರ್ ಬಡಾವಣೆಯಲ್ಲಿ ಸ್ವಚ್ಛಾಗ್ರಹ ಕಲಿಕಾ ಕೇಂದ್ರ ಅಂತ ಇದೆಯಲ್ಲ, ಅಲ್ಲಿಗೆ ಹೋಗಿ ಬೇರೆ ಬೇರೆ ಥರದ ತೊಟ್ಟಿ ನೋಡಿಕೊಂಡು ಬಂದೆವು. ತಪ್ಪು ಏನು ಅಂತ ಆಗ ಗೊತ್ತಾಯಿತು. ಬರೀ ಅನ್ನ, ತರಕಾರಿ ಸುರಿದಿದ್ದೆವು, ಒಣ ಎಲೆ ಸಾಕಷ್ಟು ಹಾಕಿರಲಿಲ್ಲ. ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಎಲೆಯಲ್ಲಿ ಇಂಗಾಲ ಜಾಸ್ತಿ. ಒಟ್ಟಾರೆ ಸಾರಜನಕದ ಇಪ್ಪತ್ತೈದು ಮೂವತ್ತು ಪಟ್ಟು ಇಂಗಾಲ ಇರಬೇಕು ಅನ್ನುತ್ತಾರೆ. ನಮ್ಮ ಮಾಲಿ ಇದನ್ನೆಲ್ಲ ಕೇಳಲ್ಲ. ಒಂದು ಹಿಡಿ ಕಸ ಮುಷ್ಟಿಯಲ್ಲಿ ಹಿಂಡುತ್ತಾನೆ. ನೀರು ತೊಟ್ಟಿಕ್ಕಿದರೆ ಇನ್ನೊಂದು ಬುಟ್ಟಿ ಎಲೆ. ಪುಡಿಪುಡಿ ಆದರೆ ಒಂದು ಚೊಂಬು ನೀರು. ಅಷ್ಟೇ ಅವನ ಲ್ಯಾಬ್.

ಸರಿಯಾಗಿ ನಡೆದರೆ ಒಳಗೆ 60 ಡಿಗ್ರಿ ತನಕ ಬಿಸಿ ಏರುತ್ತದೆ. ಬೆಳಿಗ್ಗೆ ಮಗುಚಿದರೆ ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗೆ ಹಬೆ. ಆ ಬಿಸಿಗೆ ಹುಳವೂ ಇಲ್ಲ, ವಾಸನೆಯೂ ಇಲ್ಲ, ಮಳೆ ಬಿದ್ದ ಮಣ್ಣಿನ ವಾಸನೆ ಬಿಟ್ಟರೆ. ಮಾಲಿ ನಾಲ್ಕು ದಿನ ರಜ ಹಾಕಿ ಯಾರೂ ಮಗುಚದೆ ಬಿಟ್ಟರೆ ಮತ್ತೆ ಗಬ್ಬು. ಹಾಗಾಗಿ ಲೆಕ್ಕದ ಪುಸ್ತಕ ಅವರು ಹೇಳಿದ ನಾಲ್ಕು ಜನ ಇದ್ದಾರಲ್ಲ, ಅವರೇ ಘಟಕ. ಮಷೀನ್ ಅಲ್ಲ.

ಮತ್ತೆ ನಾಚಿಕೆಗೇಡಿನ ವಿಷಯ ಒಂದು. ನಮ್ಮ ಬೀದಿಯಲ್ಲಿ ಮಳೆಮರದ ಎಲೆಯನ್ನು ಗುಡಿಸಿ ಬೆಂಕಿ ಹಚ್ಚುತ್ತಿದ್ದರು. ನಾವು ಆ ಎಲೆಯ ಬದಲಿಗೆ ದುಡ್ಡು ಕೊಟ್ಟು ತೆಂಗಿನ ನಾರಿನ ಪುಡಿ ತರಿಸುತ್ತಿದ್ದೆವು.

ಆರೂವರೆ ಟಿಪ್ಪರ್:
ಎಲ್ಲರೂ ದೊಡ್ಡವರು ಮಾತಾಡುತ್ತಿದ್ದೀರಿ, ನಾನು ಟಿಪ್ಪರ್ ಓಡಿಸುವವನು. ತಪ್ಪಿದ್ದರೆ ಕ್ಷಮಿಸಿ.

ಘಟಕ ಇದ್ದರೆ ನನಗೆ ಅನುಕೂಲ. ಈಗ ಲೋಡ್ ಆದ ಮೇಲೆ ಕಾಂಪ್ಯಾಕ್ಟರ್ ಬರುವ ಜಾಗಕ್ಕೆ ಹೋಗಿ ಕಾಯಬೇಕು. ಲಾರಿ ಬರುವುದು ಒಂಬತ್ತಕ್ಕೋ ಹನ್ನೊಂದಕ್ಕೋ ದೇವರಿಗೇ ಗೊತ್ತು. ಕಾದರೆ ಎರಡನೇ ಟ್ರಿಪ್ ತಪ್ಪುತ್ತದೆ. ಎರಡನೇ ಟ್ರಿಪ್ ತಪ್ಪಿದರೆ ಆ ಬೀದಿಯವರು ಕಸ ಮೂಲೆಗೆ ಎಸೆಯುತ್ತಾರೆ, ಬ್ಲಾಕ್ ಸ್ಪಾಟ್ ಆಗುತ್ತದೆ, ಮೇಸ್ತ್ರಿ ನನಗೆ ಬೈಯುತ್ತಾರೆ. ಘಟಕ ವಾರ್ಡಿನೊಳಗೇ ಇದ್ದರೆ ಹತ್ತು ನಿಮಿಷ. ಸುರಿದು ಬರುತ್ತೇನೆ.

ಆದರೆ ಕಸ ಹೇಗೆ ಬರುತ್ತದೆ ಅಂತ ನೋಡಿ ಸ್ವಾಮಿ. ನಿನ್ನೆ ಒಂದು ಮನೆಯವರು ಹಸಿ ಕಸದ ಬಕೆಟ್ ಕೊಟ್ಟರು. ಮೇಲೆ ಚೆನ್ನಾಗಿ ಸೊಪ್ಪಿನ ಕಡ್ಡಿ. ಕೆಳಗೆ ಮೊಸರನ್ನವನ್ನು ಕವರಿನಲ್ಲಿ ಗಂಟು ಹಾಕಿ ಇಟ್ಟಿದ್ದಾರೆ. ಅದರ ಕೆಳಗೆ ಮಗುವಿನ ಡೈಪರ್. ನನ್ನ ಜೊತೆ ಇರುವ ಅಕ್ಕ ಆ ಗಂಟನ್ನು ಹಲ್ಲಿನಿಂದ ಬಿಚ್ಚಕ್ಕಾಗುತ್ತಾ? ಉಗುರಿನಲ್ಲಿ ಹರಿದರು, ಅನ್ನ ಮೊಣಕೈ ತನಕ ಇಳಿಯಿತು. ಗ್ಲೌಸ್ ಕೊಡುತ್ತಾರೆ, ವಾರಕ್ಕೆ ಹರಿಯುತ್ತದೆ, ಹೊಸದು ತಿಂಗಳಿಗೆ.

2015ರಲ್ಲಿ ಹೈಕೋರ್ಟ್ ಹೇಳಿ ಹತ್ತು ವರ್ಷ ದಾಟಿತು. ಎರಡು ಡಬ್ಬ, ಒಂದು ಚೀಲ. ಹಸಿ ಕಸ ಹಸಿರು ಡಬ್ಬ, ಡೈಪರ್ ಪ್ಯಾಡ್ ಕೆಂಪು ಡಬ್ಬ, ಒಣದು ಚೀಲಕ್ಕೆ. ಕೊಡುವವರು ಕೊಡುತ್ತಾರೆ, ಇಲ್ಲ ಅನ್ನಲ್ಲ. ಆದರೆ ಬೀದಿಯಲ್ಲಿ ಇಬ್ಬರು ಮಿಕ್ಸ್ ಕೊಟ್ಟರೂ ಲೋಡ್ ಪೂರ್ತಿ ಮಿಕ್ಸ್. ಘಟಕದವರು ವಾಪಸ್ ಕಳಿಸುತ್ತಾರೆ. ಆ ಲೋಡ್ ತಗೊಂಡು ನಾನು ಎಲ್ಲಿಗೆ ಹೋಗಲಿ? ಅದನ್ನೂ ಮೀಟಿಂಗಿನಲ್ಲಿ ಕೇಳಿ.

ಇನ್ನೊಂದು. ತೆಂಗಿನ ಚಿಪ್ಪು, ಎಳನೀರು ಬುರುಡೆ ಬೇರೆ ಇಡಿ. ಬಾಳೆ ಎಲೆ, ಬಾಳೆ ದಿಂಡಿನ ನಾರು ಕೂಡ. ಮಷೀನ್ ಶಾಫ್ಟಿಗೆ ಜಡೆ ಥರ ಸುತ್ತಿಕೊಂಡು ನಿಲ್ಲಿಸಿಬಿಡುತ್ತದೆ. ಮಾರ್ನವಮಿ ಆದ ಮರುದಿನ ಬಂದು ನೋಡಿ, ಮೋಟಾರ್ ಯಾಕೆ ಸುಡುತ್ತದೆ ಅಂತ ಗೊತ್ತಾಗುತ್ತದೆ.

ಲೆಕ್ಕದ ಪುಸ್ತಕ:
ಇಷ್ಟು ದಿನ ಬರೆದವರಲ್ಲಿ ಕೆಲಸಕ್ಕೆ ಬರುವ ಮಾತು ಇದೊಂದೇ. ನನ್ನದನ್ನೂ ಸೇರಿಸಿ.

ಎರಡನೇ ಬೆಟ್ಟು:
ಮಂಗಳೂರಿನಿಂದ. ಪಚ್ಚನಾಡಿ ನೆನಪಿದೆಯಾ ಯಾರಿಗಾದರೂ? 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜಾರಿ ಕೆಳಗಿನ ಮಂದಾರದ ಕಡೆ ಹರಿಯಿತು. ನೀರಲ್ಲ, ಕಸ. ಅಡಿಕೆ ತೋಟ, ತೆಂಗಿನ ಮರ, ಮನೆ ಎಲ್ಲ ಅದರಡಿ. ಫೋಟೋದಲ್ಲಿ ತೆಂಗಿನ ಮರದ ತಲೆ ಮಾತ್ರ ಕಸದ ಮೇಲೆ ಕಾಣುತ್ತಿತ್ತು. ತಲೆತಲಾಂತರದಿಂದ ಇದ್ದವರು ಮನೆ ಬಿಟ್ಟು ಹೋದರು. ನಮ್ಮೂರಿನ ಮಳೆಗೆ ಹಸಿ ಕಸದ ರಾಶಿ ನಿಲ್ಲುವುದಾದರೂ ಹೇಗೆ ಮಾರಾಯ್ರೇ. ಒಣ ಕಸ ಮಾತ್ರ ಆಗಿದ್ದರೆ ಅಷ್ಟು ಮೆತ್ತಗಾಗಿ ಹರಿಯುತ್ತಿತ್ತಾ ಅಂತ ಆಗಿನಿಂದ ಯೋಚನೆ ನನಗೆ. ಘಟಕ ದುಬಾರಿ ಅನ್ನುವವರು ಇದರ ಪರಿಹಾರದ ಖರ್ಚನ್ನೂ ಕೂಡಿಸಿ.

ದರ್ಶಿನಿ ಗಲ್ಲಾ:
ಹೋಟೆಲಿನವನು ಒಬ್ಬ ಮಾತಾಡಲಿ. ಉಳಿದ ಇಡ್ಲಿ, ಪಲಾವ್ ಮೊದಲು ಹಂದಿ ಸಾಕುವವರು ಡ್ರಮ್ಮಿನಲ್ಲಿ ತಗೊಂಡು ಹೋಗುತ್ತಿದ್ದರು, ಅವರೇ ಕೈಗೆ ಚಿಲ್ಲರೆ ಕೊಟ್ಟು. ಈಗ ತಗೊಂಡು ಹೋಗಲು ನಾನು ಕೊಡಬೇಕು. ಕೊಡುತ್ತೇನೆ, ತೊಂದರೆ ಇಲ್ಲ. ಆದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಡ್ರೈವರ್ ನಗುತ್ತಾನೆ. ನಿಮ್ಮ ಘಟಕಕ್ಕೆ ನಮ್ಮದನ್ನು ತಗೊಂಡರೆ ತೂಕಕ್ಕೆ ಇಷ್ಟು ಅಂತ ಕಟ್ಟಲು ನಾನು ತಯಾರು, ರಸೀದಿ ಕೊಡಿ ಅಷ್ಟೇ. ಮದುವೆ ಛತ್ರದವರನ್ನು ಯಾಕೆ ಯಾರೂ ಕೇಳಲ್ಲ? ಮುಹೂರ್ತದ ದಿನ ಒಂದು ಛತ್ರದಿಂದ ಹೊರಡುವ ಅನ್ನ ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೊಸಕೋಟೆ ರಾಗಿ:
ಗೊಬ್ಬರ ಮಾಡಿದ ಮೇಲೆ ತಗೊಳ್ಳುವವನು ನಾನು, ನನ್ನನ್ನು ಯಾರೂ ಕೇಳಿಲ್ಲ. ನಮ್ಮ ತಾತನ ಕಾಲದಲ್ಲಿ ಗಾಡಿ ಕಟ್ಟಿಕೊಂಡು ಹೋಗಿ ಬೆಂಗಳೂರಿನ ಕಸ ತಂದು ಹೊಲಕ್ಕೆ ಹಾಕುತ್ತಿದ್ದರು. ಆಗ ಕಸದಲ್ಲಿ ಬೂದಿ, ಸಗಣಿ, ಸೊಪ್ಪು ಬಿಟ್ಟರೆ ಏನಿತ್ತು.

ಮೂರು ವರ್ಷದ ಹಿಂದೆ ಸಿಟಿ ಗೊಬ್ಬರ ಅಂತ ಎರಡು ಲೋಡ್ ಹಾಕಿಸಿದೆ. ನೋಡಲು ಕಾಫಿ ಪುಡಿ ಥರ ಕಪ್ಪಗೆ. ಮಳೆ ಬಿದ್ದು ಮೇಲಿನ ಪುಡಿ ತೊಳೆದ ಮೇಲೆ ಹೊಲ ಬಿಸಿಲಿಗೆ ಮಿಣಮಿಣ ಅಂದಿತು. ಗಾಜಿನ ಚೂರು, ಶ್ಯಾಂಪೂ ಪಾಕೆಟ್ ಚೂರು, ಒಂದು ಕಡೆ ಅರ್ಧ ಬ್ಲೇಡು. ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳು ಮರುದಿನ ಬರಲ್ಲ ಅಂದರು. ಟನ್ನಿಗೆ 1,500 ರೂಪಾಯಿ ಸರ್ಕಾರದ ಸಹಾಯ ಅಂತ ಇತ್ತು, ಅದು ಮಾರುವವರಿಗೆ. ನನಗೆ ಬ್ಲೇಡು.

ಚೊಕ್ಕ ಗೊಬ್ಬರ ಕೊಡಿ, ದುಡ್ಡು ಕೊಟ್ಟೇ ತಗೊಳ್ಳುತ್ತೇನೆ. ನಮ್ಮ ಮಣ್ಣಿಗೆ ಬೇಕು. ರಾಗಿ ಕೊಯ್ದ ಮೇಲೆ ನೆಲ ಸಿಮೆಂಟ್ ಥರ ಆಗಿರುತ್ತದೆ, ನೀರು ಹಿಡಿಯುವ ಶಕ್ತಿಯೇ ಇಲ್ಲ. ಎರಡು ಟನ್ ಕಸಕ್ಕೆ ಎಷ್ಟು ಗೊಬ್ಬರ ಬರುತ್ತದೆ?

ಸಿ ಬ್ಲಾಕ್ ಕಾರ್ಯದರ್ಶಿ:
ನಮ್ಮ ಅನುಭವದಲ್ಲಿ ಹತ್ತು ಕೆಜಿ ಹಾಕಿದರೆ ಎರಡು, ಎರಡೂವರೆ ಕೆಜಿ. ಹಾಗಾಗಿ ದಿನಕ್ಕೆ ನಾನೂರು ಐನೂರು ಕೆಜಿ ಅನ್ನಿ. ಉಳಿದದ್ದೆಲ್ಲ ಹಬೆ.

ಹಾನ್ ನದಿ ದಂಡೆ:
ಸಿಯೋಲ್‌ನಿಂದ ನಮಸ್ಕಾರ, ಮೂಲ ಧಾರವಾಡ. ಇಲ್ಲಿ ಹೇಗಿದೆ ಅಂತ ಹೇಳಿಬಿಡುತ್ತೇನೆ. ಆಹಾರದ ಕಸವನ್ನು ನೇರವಾಗಿ ಗುಂಡಿಗೆ ಸುರಿಯುವಂತಿಲ್ಲ ಅಂತ ದಕ್ಷಿಣ ಕೊರಿಯಾದಲ್ಲಿ 2005ರಲ್ಲೇ ನಿಷೇಧ. 2013ರಿಂದ ಎಷ್ಟು ಹಾಕುತ್ತೀರೋ ಅಷ್ಟಕ್ಕೆ ದುಡ್ಡು.

ನಮ್ಮ ಅಪಾರ್ಟ್‌ಮೆಂಟ್ ಕೆಳಗೆ ಫ್ರಿಜ್ ಗಾತ್ರದ ಡಬ್ಬ. ಕಾರ್ಡ್ ತೋರಿಸಿದರೆ ಮುಚ್ಚಳ ತೆರೆಯುತ್ತದೆ, ಸುರಿದರೆ ತೂಕ ಪರದೆ ಮೇಲೆ ಬರುತ್ತದೆ. ಹೆಂಡತಿ ಈಗ ಸಿಂಕಿನಲ್ಲೇ ಸಿಪ್ಪೆ ಹಿಂಡಿ ನೀರು ಬಸಿದು ಕೊಡುತ್ತಾಳೆ, ತೂಕ ಕಮ್ಮಿ ಬರಲಿ ಅಂತ. ದುಡ್ಡು ದೊಡ್ಡದೇನಲ್ಲ, ಆದರೆ ಆ ನಂಬರ್ ಕಣ್ಣಿಗೆ ಕಂಡರೆ ಕೈ ತಾನಾಗಿ ಹಿಂಡುತ್ತದೆ ನೋಡ್ರಿ. ಮೂಳೆ, ಮೊಟ್ಟೆ ಚಿಪ್ಪು, ಈರುಳ್ಳಿ ಸಿಪ್ಪೆ ಅದರಲ್ಲಿ ಹಾಕುವಂತಿಲ್ಲ. ಪ್ರಾಣಿ ತಿನ್ನುತ್ತದಾ ಅಂತ ಕೇಳಿಕೊಂಡು ಹಾಕು ಅನ್ನುತ್ತಾರೆ, ಯಾಕೆಂದರೆ ಒಂದಷ್ಟು ಪ್ರಾಣಿಗಳ ಮೇವಾಗುತ್ತದೆ, ಉಳಿದದ್ದು ಗೊಬ್ಬರ, ಗ್ಯಾಸ್.

ಅದನ್ನೇ ಅಲ್ಲಿ ಮಾಡಿ ಅನ್ನುತ್ತಿಲ್ಲ. ಹಾಕಿದರೆ ಮೊದಲ ವಾರವೇ ಬ್ಯಾಟರಿ ಕಳುವಾಗುತ್ತದೆ ಅಂತ ನಮ್ಮಣ್ಣ ಹೇಳುತ್ತಾನೆ.

ಮೂರನೇ ಕ್ರಾಸ್:
ಹ್ಹ ಹ್ಹ. ನಿಮ್ಮಣ್ಣ ನಮ್ಮ ಏರಿಯಾದವರೇ ಇರಬೇಕು.

ದೊಡ್ಡದಾಗಿ ಯೋಚಿಸಿ:
ಈ ಗಲ್ಲಿ ಗಲ್ಲಿ ಘಟಕ ಎಲ್ಲ ಟೈಮ್ ವೇಸ್ಟ್. ಇಂದೋರ್ ನೋಡಿ. ಒಂದೇ ಕಡೆ ದಿನಕ್ಕೆ 550 ಟನ್ ಹಸಿ ಕಸದಿಂದ ಸಿಎನ್‌ಜಿ, 2022ರ ಫೆಬ್ರವರಿಯಲ್ಲಿ ಶುರು. ಸುಮಾರು 150 ಕೋಟಿ ಕಂಪನಿಯೇ ಹಾಕಿತು, ಪಾಲಿಕೆಗೆ ವರ್ಷಕ್ಕೆ ಎರಡೂವರೆ ಕೋಟಿ ವಾಪಸ್ ಕೊಡುವ ಒಪ್ಪಂದ. ಬಸ್ಸು ಅದರಲ್ಲೇ ಓಡುತ್ತದೆ. ನಮ್ಮಲ್ಲಿ ಹತ್ತು ಅಂಥದ್ದು ಹಾಕಿದರೆ ಮುಗೀತು.

ಲೆಕ್ಕದ ಪುಸ್ತಕ:
ಇಂದೋರ್ ಒಳ್ಳೆಯ ಉದಾಹರಣೆಯೇ. ಆದರೆ ಅಲ್ಲಿ ಮೊದಲು ಆದದ್ದು ಪ್ಲಾಂಟ್ ಅಲ್ಲ. ವರ್ಷಗಟ್ಟಲೆ ಮನೆ ಬಾಗಿಲಲ್ಲಿ ಬೇರೆ ಮಾಡಿಸಿದರು, ಬೇರೆ ಮಾಡದ ಕಸ ತಗೊಳ್ಳಲಿಲ್ಲ, ದಂಡ ಹಾಕಿದರು. ಆಮೇಲೆ ಕಂಪನಿ ಬಂತು. ಡೈಜೆಸ್ಟರ್, ಅಂದರೆ ಕಸ ಕೊಳೆಸಿ ಗ್ಯಾಸ್ ಮಾಡುವ ಟ್ಯಾಂಕು, ಹಸುವಿನ ಹೊಟ್ಟೆ ಇದ್ದ ಹಾಗೆ. ಪ್ಲಾಸ್ಟಿಕ್ ತಿಂದ ಹಸು ಏನಾಗುತ್ತದೆ ಗೊತ್ತಲ್ಲ? ಬೆಂಗಳೂರಿನಲ್ಲಿ ಐದೈದು ಟನ್ನಿನ ಗ್ಯಾಸ್ ಘಟಕಗಳು ಹತ್ತಕ್ಕೂ ಜಾಸ್ತಿ ಕಟ್ಟಿದರು, ಬಹಳಷ್ಟು ಒಂದಲ್ಲ ಒಂದು ಸಲ ನಿಂತವು. ಒಳ್ಳೆಯ ಹಸಿ ಕಸ ಒಂದು ಟನ್ ಹಾಕಿದರೆ 80ರಿಂದ 100 ಘನ ಮೀಟರ್ ಗ್ಯಾಸ್ ಬರುತ್ತದೆ, ಅಂದರೆ ದೊಡ್ಡ ಸಿಲಿಂಡರ್ ಎರಡರಷ್ಟು. ಗ್ಯಾಸ್ ಬರುವುದು ಸುಳ್ಳಲ್ಲ. ಒಳ್ಳೆಯ ಹಸಿ ಕಸ ಬರುವುದೇ ಸುಳ್ಳು.

ಮತ್ತೆ ಹತ್ತು ದೊಡ್ಡ ಪ್ಲಾಂಟ್ ಎಲ್ಲಿ ಹಾಕುತ್ತೀರಿ? ಕ್ವಾರಿ ಪಕ್ಕದ ಊರವರನ್ನು ಕೇಳಿ ಹೇಳಿ.

ದೊಡ್ಡದಾಗಿ ಯೋಚಿಸಿ:
ನೀವು ಯಾವಾಗಲೂ ನೆಗೆಟಿವ್ ಸರ್.

ಲೆಕ್ಕದ ಪುಸ್ತಕ:
ಮೂವತ್ತು ವರ್ಷ ಅದಕ್ಕೇ ಸಂಬಳ ಕೊಟ್ಟರಪ್ಪಾ.

ಮಂಜೇಶ್ವರ ಪ್ಯಾಸೆಂಜರ್:
ಕಾಸರಗೋಡು ಕಡೆಯ ಕನ್ನಡದವ. ಕೇರಳದ ಆಲಪ್ಪುಳದಲ್ಲಿ ಸರ್ವೋದಯಪುರಂನವರು 2012ರ ಸುಮಾರಿಗೆ ಕಸದ ಲಾರಿ ತಡೆದರು. ಊರೊಳಗೇ ಕಸ ಕೊಳೆಯಿತು. ಆಗ ಬೀದಿ ಬೀದಿಗೆ ಗಾಳಿ ಆಡುವ ಗೊಬ್ಬರದ ತೊಟ್ಟಿ ಇಟ್ಟರು, ಮನೆಗಳಿಗೆ ಪೈಪಿನ ಕಾಂಪೋಸ್ಟು, ಸಣ್ಣ ಗ್ಯಾಸ್ ಟ್ಯಾಂಕು ಸಬ್ಸಿಡಿಯಲ್ಲಿ ಕೊಟ್ಟರು. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗವೂ ಹೊಗಳಿತು. ತೊಟ್ಟಿ ಪಕ್ಕ ಒಬ್ಬರು ಕೂತಿರುತ್ತಾರೆ, ತಂದದ್ದನ್ನು ನೋಡಿ ಹಾಕಿಸಿಕೊಳ್ಳುತ್ತಾರೆ. ಗುಟ್ಟು ಆ ಒಬ್ಬರದು.

ಸ್ವಚ್ಛವಾಹಿನಿ ಅಕ್ಕ:
ನಾನು ಉಡುಪಿ ಜಿಲ್ಲೆಯ ಒಂದು ಪಂಚಾಯ್ತಿಯಲ್ಲಿ ಸ್ವಚ್ಛವಾಹಿನಿ, ಅಂದರೆ ಕಸದ ಗಾಡಿ ಓಡಿಸುವವಳು. ಸಂಜೀವಿನಿ ಮಹಿಳಾ ಒಕ್ಕೂಟದಿಂದ ನಮಗೆ ಡ್ರೈವಿಂಗ್ ಕಲಿಸಿದರು. ನಮ್ಮ ಕಡೆ ವಂಡ್ಸೆ ಪಂಚಾಯ್ತಿ ಇದರಲ್ಲಿ ಮೊದಲೇ ಹೆಸರು ಮಾಡಿದೆ, ಬೇರೆ ಬೇರೆ ಊರಿನವರು ಬಂದು ನೋಡಿ ಕಲಿತು ಹೋಗಿದ್ದಾರೆ.

ಹಳ್ಳಿ ಮನೆಯಲ್ಲಿ ಹಸಿ ಕಸ ಕೊಡುವವರು ಕಡಿಮೆ. ದನಕ್ಕೆ ಹಾಕುತ್ತಾರೆ, ಕೋಳಿಗೆ ಹಾಕುತ್ತಾರೆ, ತೆಂಗಿನ ಬುಡಕ್ಕೆ ಹಾಕುತ್ತಾರೆ. ಬರುವುದು ಹೋಟೆಲು, ಮದುವೆ ಹಾಲ್, ಮೀನು ಮಾರ್ಕೆಟಿನದ್ದು. ಆದರೂ ಒಂದು ವಿಷಯ ಹೇಳಬೇಕು. ನಮಗೆ ಶೆಡ್ಡು, ಗಾಡಿ ಅನುದಾನದಲ್ಲಿ ಬಂತು. ಸಂಬಳ ಮಾತ್ರ ಮನೆ ಮನೆಯಿಂದ ನಾವೇ ಎತ್ತುವ ಶುಲ್ಕದಿಂದ ಬರಬೇಕು. ಕಸ ತಗೊಳ್ಳುವ ಕೈಯಲ್ಲೇ ದುಡ್ಡು ಕೇಳಬೇಕು. ಐವತ್ತು ರೂಪಾಯಿಗೆ "ನಾಳೆ ಬಾ" ಅನ್ನುವವರು ಇದ್ದಾರೆ, ದೊಡ್ಡ ಬಂಗಲೆಯವರೇ ಜಾಸ್ತಿ. ನಿಮ್ಮಲ್ಲಿ ತೆರಿಗೆ ಜೊತೆ ಕಟ್ಟಿಸಿಕೊಳ್ಳುತ್ತಾರೆ ಅಂತ ಓದಿ ಹೊಟ್ಟೆಕಿಚ್ಚಾಯಿತು. ಆ ದುಡ್ಡು ನಾಲ್ಕು ಜನರ ಸಂಬಳಕ್ಕೆ ಹೋಗುತ್ತದಾ ಅಂತ ಮಾತ್ರ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ.

ಮೂರನೇ ಕ್ರಾಸ್:
ಇವತ್ತು ಎಂಜಿನಿಯರ್ ಆಫೀಸಿಗೆ ಹೋಗಿದ್ದೆ. ಬೆಂಡೆಕಾಯಿ ಮೇಡಂ ಕೂಡ ಬಂದಿದ್ದರು, ಜಗಳ ಆಡಲು ಅಂತಲೇ. ಎಸ್ಟಿಮೇಟ್ ತೋರಿಸಿ ಅಂದೆ. ತೋರಿಸಿದರು, ಪಾಪ ಮುಚ್ಚಿಡಲಿಲ್ಲ.

ಎರಡೂವರೆ ಪುಟ. ಅಡಿಪಾಯ ಇಷ್ಟು, ಶೀಟು ಇಷ್ಟು, ಗೇಟು ಇಷ್ಟು, ಮಷೀನು ಇಷ್ಟು, ಬಣ್ಣಕ್ಕೂ ಒಂದು ಸಾಲು. ಕೊನೆಯ ಸಾಲು: "ನಿರ್ವಹಣೆ, ಒಂದು ವರ್ಷ, ಗುತ್ತಿಗೆದಾರರೇ ಭರಿಸತಕ್ಕದ್ದು." ಅದರ ಮುಂದೆ ಅಂಕಿ ಇಲ್ಲ. ಬರೀ ಒಂದು ಗೀಟು.

ಎರಡನೇ ವರ್ಷ ಯಾರು ಅಂದೆ. ಆಗ ನೋಡೋಣ ಅಂದರು. ಲೆಕ್ಕದ ಪುಸ್ತಕ ಸರ್ ಅವರ 30 ರೂಪಾಯಿ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ, ಕೊಟ್ಟೆ. ಓದಿದರು. "ಇದು ನನ್ನ ಕೈಯಲ್ಲಿಲ್ಲ, ಮೇಲೆ ಬರೆಯಬೇಕು" ಅಂದರು. ಬರೆಯಿರಿ, ನಾವೂ ಸಹಿ ಹಾಕಿ ಕೊಡುತ್ತೇವೆ ಅಂದೆ. ಮಿಕ್ಸ್ ಲೋಡ್ ವಾಪಸ್ ಬಂದರೆ ಎಲ್ಲಿಗೆ ಅಂತಲೂ ಕೇಳಿದೆ. ಅದಕ್ಕೆ ಉತ್ತರ ಇರಲಿಲ್ಲ, ಆದರೆ ಪೆನ್ ತೆಗೆದು ಬರೆದುಕೊಂಡರು.

ನನ್ನ ಎತ್ತಿದ ಕೈ ಈಗ ಅರ್ಧ ಇಳಿದಿದೆ. ಕಟ್ಟಲಿ. ಆದರೆ ಆ ಗೀಟಿನ ಜಾಗಕ್ಕೆ ಅಂಕಿ ಬರುವ ತನಕ ಗುದ್ದಲಿ ಪೂಜೆಗೆ ನಾನು ಬರಲ್ಲ. ಮುಂದಿನ ಭಾನುವಾರ ಸಹಿ ಸಂಗ್ರಹ, ಪಾರ್ಕಿನಲ್ಲಿ, ಏಳು ಗಂಟೆಗೆ.

ಬೆಂಡೆಕಾಯಿ ಗೊಜ್ಜು:
ನಾನು ಸಹಿ ಹಾಕುತ್ತೇನೆ. ಎರಡು ಷರತ್ತು. ಪಂಪ್ ಹೌಸ್ ಗೋಡೆಗೂ ತೊಟ್ಟಿಗೂ ನಡುವೆ ಜಾಗ ಬಿಡಬೇಕು. ಮಗುಚುವವರು ರಜ ಹಾಕಿದ ದಿನ ಯಾರು ಬರುತ್ತಾರೆ ಅಂತ ಹೆಸರು, ಫೋನ್ ನಂಬರ್ ಗೇಟಿನ ಮೇಲೆ ಇರಬೇಕು. ಗ್ರಾನೈಟ್ ಬೇಡ, ಚಾಕ್‌ಪೀಸಿನಲ್ಲಿ ಬರೆದರೂ ಸಾಕು.

ಹೊಸಕೋಟೆ ರಾಗಿ:
ಮೊದಲ ಗೊಬ್ಬರ ಬಂದಾಗ ಹೇಳಿ. ಒಂದು ಚೀಲ ಜರಡಿ ಹಿಡಿದು ನೋಡುತ್ತೇನೆ, ಆಮೇಲೆ ಲೋಡ್ ಮಾತಾಡೋಣ.

ಸಿ ಬ್ಲಾಕ್ ಕಾರ್ಯದರ್ಶಿ:
ಎಲೆಗೆ ಈಗಿನಿಂದಲೇ ಜಾಗ ನೋಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಬಿದ್ದದ್ದನ್ನು ಚೀಲದಲ್ಲಿ ತುಂಬಿಟ್ಟರೆ ಮಳೆಗಾಲಕ್ಕೆ ಆಗುತ್ತದೆ. ನಮ್ಮ ಬೇಸ್‌ಮೆಂಟಿನಲ್ಲಿ ನಲವತ್ತು ಚೀಲ ಇಡಬಹುದು. ಅಜ್ಜಿಯನ್ನು ನಾನು ಒಪ್ಪಿಸುತ್ತೇನೆ.

ಆರೂವರೆ ಟಿಪ್ಪರ್:
ಭಾನುವಾರ ನನಗೆ ಡ್ಯೂಟಿ ಇದೆ, ಏಳಕ್ಕೆ ಪಾರ್ಕ್ ಮುಂದೆಯೇ ಬರುತ್ತೇನೆ. ಗಾಡಿ ನಿಲ್ಲಿಸಿ ಸಹಿ ಹಾಕಬಹುದಾ? ನಾನು ಈ ವಾರ್ಡಿನವನಲ್ಲ, ಕೆಲಸ ಮಾತ್ರ ಇಲ್ಲಿ.

ಮೂರನೇ ಕ್ರಾಸ್:
ಮೊದಲ ಸಹಿ ನಿಮ್ಮದೇ ಅಣ್ಣ. ಅಕ್ಕನನ್ನೂ ಕರೆದುಕೊಂಡು ಬನ್ನಿ.